ಒತ್ತಿಲ್ಲದ ಹೆಸರು

ಸೌಮ್ಯಾ ಕೆಲಸಕ್ಕೆ ಸೇರಿ ಹದಿನೇಳು ದಿನವಾಗಿತ್ತು. ಆ ಹದಿನೇಳು ದಿನವೂ ವೇಣಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಅದು ನಿಜವಾಗಿಯೂ ಹೊಟ್ಟೆಯಲ್ಲೇ, ಪಕ್ಕೆಲುಬಿನ ಕೆಳಗೆ, ಎಡಗಡೆ ಹತ್ತಿಕೊಳ್ಳುತ್ತದೆ. ವೇಣಿ ಮೊದಮೊದಲು ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಮಾತ್ರೆ ನುಂಗಿದಳು. ಐದನೆಯ ದಿನ ಕಂಪನಿಯ ಯಜಮಾನ ಬಾಲಾಜಿ ಎಲ್ಲರೆದುರು ಸೌಮ್ಯಾಳನ್ನು ಹೊಗಳಿದಾಗ ಚುರುಗುಟ್ಟಿತು ನೋಡಿ, ಇದು ಮಾತ್ರೆಗೆ ಹೋಗುವ ಉರಿಯಲ್ಲ ಅಂತ ಅವಳಿಗೇ ಗೊತ್ತಾಯಿತು.

ಬಾಲಾಜಿಯದು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ, ಪ್ಲೈವುಡ್ ಗೋಡೌನೊಂದರ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಂಪನಿ. ಒಟ್ಟು ಒಂಬತ್ತು ಜನ. ಅಂಗಡಿ, ಕಾರ್ಖಾನೆ, ಕಲ್ಯಾಣ ಮಂಟಪ ಅಂತ ಕೇಳಿದವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುವುದು ಅವರ ಕಸುಬು. ವೇಣಿ ಅಲ್ಲಿಗೆ ಸೇರಿ ಆರು ವರ್ಷ. ಅವಳು ಒಬ್ಬಳೇ ಕೂತು ಮಾಡಿದ ಮೊದಲ ಸೈಟು ಪೀಣ್ಯದ ನಿಂಗಪ್ಪ ಪಂಪ್ಸ್ ಕಾರ್ಖಾನೆಯದು. ಬೋರ್‌ವೆಲ್ಲಿಗೆ ಇಳಿಸುವ ಪಂಪು ಮಾಡುವವರು. ವೇಣಿಯ ಅಪ್ಪ ಚಿಕ್ಕಬೈರಪ್ಪ ಅದೇ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರಾಗಿ ದುಡಿದು ರಿಟೈರಾದವನು. ಸೈಟು ಮುಗಿದ ದಿನ ಮಾಲೀಕ ಸಿದ್ದರಾಮಪ್ಪನವರು ತಾವಾಗಿಯೇ, "ನಮ್ಮ ಚಿಕ್ಕಬೈರಪ್ಪನ ಮಗಳು ಮಾಡಿದ್ದು ಅಂತ ಕೆಳಗೆ ಒಂದು ಸಾಲು ಹಾಕಮ್ಮ, ನಾಲ್ಕು ಜನ ನೋಡಲಿ" ಅಂದಿದ್ದರು. ಅವತ್ತಿನಿಂದ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು: ಮಾಡಿದವರು ಚಿಕ್ಕಬೈರಪ್ಪನವರ ಮಗಳು ವೇಣಿ.

ಬಾಗಲಗುಂಟೆಯ ಮನೆಯಲ್ಲಿ ಚಿಕ್ಕಬೈರಪ್ಪ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ, ಒಳಗೆ ಏನನ್ನೂ ಇಟ್ಟುಕೊಳ್ಳಲು ಜಾಗವಿಲ್ಲದ ತನ್ನ ಹಳೆಯ ಫೋನು ತೆಗೆದು, ಆ ಪುಟ ತೆರೆದುಕೊಳ್ಳುವ ತನಕ ಕಾದು, ಬೆರಳಿನಿಂದ ಕೆಳಕೆಳಕ್ಕೆ ತಳ್ಳಿ, ಆ ಸಾಲನ್ನು ಓದಿ ಫೋನು ಜೇಬಿಗೆ ಇಡುತ್ತಿದ್ದ. ನಾಲ್ಕನೇ ಕ್ಲಾಸು ಓದಿದವನು, ಕೂಡಿಸಿ ಕೂಡಿಸಿ ಓದಬೇಕು. ಆರು ವರ್ಷವಾದರೂ ಅವನಿಗೆ ಬೇಜಾರು ಬಂದಿರಲಿಲ್ಲ.

ತೆರೆದುಕೊಳ್ಳುವ ತನಕ ಕಾದು ಅಂದೆನಲ್ಲ, ತಕರಾರು ಇದ್ದದ್ದು ಅಲ್ಲೇ. ವೇಣಿಯ ಪುಟ ತೆರೆದುಕೊಳ್ಳಲು ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು. ಮಗಳ ಹೆಸರು ನೋಡಲು ಕೂತ ಅಪ್ಪ ಕಾಯುತ್ತಾನೆ, ಹೊಲದಲ್ಲಿ ನಿಂತ ರೈತ ಯಾಕೆ ಕಾಯುತ್ತಾನೆ? ರೈತರಿಗೆ ಈ ಪಂಪು ಕೂಡಿಸಿಕೊಡುವ ಕೊಪ್ಪಳದ ಕಡೆಯ ಮೆಕ್ಯಾನಿಕ್ ಯಮನೂರ ಎಂಬವನು ಸಿದ್ದರಾಮಪ್ಪನವರಿಗೇ ಫೋನು ಮಾಡಿ, "ಸಾಹೇಬ್ರ, ನಿಮ್ ಪುಟ ತೆರಿಯೋದ್ರಾಗ ರೈತ ಬ್ಯಾರೆ ಪಂಪ್ ತಗೊಂಡು ಮನಿಗೆ ಹೋಗಿರ್ತಾನ್ರಿ" ಅಂದುಬಿಟ್ಟಿದ್ದ. ಸಿದ್ದರಾಮಪ್ಪನವರು ಬಾಲಾಜಿಗೆ ಹೇಳಿದರು. ಬಾಲಾಜಿ ವೇಣಿಯನ್ನು ಕೇಳಿದ. "ನನ್ನ ಫೋನಲ್ಲಿ ಟಕ್ ಅಂತ ಬರುತ್ತಲ್ಲ ಸಾರ್" ಅಂತ ವೇಣಿ ತೆಗೆದು ತೋರಿಸಿದಳು. ಟಕ್ ಅಂತಲೇ ಬಂತು. ಹಾಗಿದ್ದರೂ ಬಾಲಾಜಿ ವೈಟ್‌ಫೀಲ್ಡಿನ ಯಾವುದೋ ದೊಡ್ಡ ಕಂಪನಿಯಲ್ಲಿ ವೆಬ್‌ಸೈಟುಗಳ ವೇಗ ಹೆಚ್ಚಿಸುವುದನ್ನೇ ಕೆಲಸ ಮಾಡಿಕೊಂಡಿದ್ದ ಹುಡುಗಿಯೊಬ್ಬಳನ್ನು ಕರೆತಂದ. ಅವಳೇ ಸೌಮ್ಯಾ. ದಾವಣಗೆರೆಯವಳು. ಇಪ್ಪತ್ತಾರು ವರ್ಷ, ಅಂದರೆ ವೇಣಿಗಿಂತ ಎಂಟು ವರ್ಷ ಚಿಕ್ಕವಳು.

"ಅಕ್ಕಾ, ನೀವು ದಿನಾ ತೆಗೀತೀರಲ್ಲ, ಅದಕ್ಕ ನಿಮ್ಮ ಫೋನು ಆ ಪುಟಾನ ಒಳಗೇ ಇಟ್ಕೊಂಡೈತ್ರಿ. ಹೊಸಬರಿಗೆ ಮೊದಲಿಂದ ಇಳೀಬೇಕು" ಅಂತ ಅವಳು ಮೊದಲನೇ ದಿನವೇ ಮೆತ್ತಗೆ ಹೇಳಿದಳು. ಜೋರಾಗಿ ಹೇಳಿದ್ದರೆ ವೇಣಿಯೂ ಜೋರಾಗಿ ಜಗಳ ಆಡಬಹುದಿತ್ತು. ಮೆತ್ತಗೆ ಹೇಳಿದ್ದಕ್ಕೆ ಏನು ಮಾಡುವುದು?

ಆಮೇಲೆ ಶುರುವಾಯಿತು ಕತ್ತರಿ ಕೆಲಸ. ಫೋಟೋಗ್ರಾಫರು ಕೊಟ್ಟ ಹಾಗೇ ಏರಿಸಿದ್ದ ದೊಡ್ಡ ದೊಡ್ಡ ಫೋಟೋಗಳನ್ನು ಸೌಮ್ಯಾ ಕುಗ್ಗಿಸಿದಳು. ಕೆಳಗಿನ ಚಿತ್ರಗಳು ನೋಡುವವರು ಅಲ್ಲಿಗೆ ಬಂದಾಗಷ್ಟೇ ಇಳಿಯುವಂತೆ ಮಾಡಿದಳು. ಪುಟದ ನೆತ್ತಿಯಲ್ಲಿ ನೀರಿನ ಹನಿಗಳು ಒಂದೊಂದಾಗಿ ಬಿದ್ದು ಅಲೆ ಏಳುತ್ತಿದ್ದವು. ಅದನ್ನು ವೇಣಿ ಒಂದು ತಿಂಗಳು ಕೂತು ಮಾಡಿದ್ದಳು. ಸೌಮ್ಯಾ ಅದನ್ನೂ ತೆಗೆದಳು.

"ಚಂದ ಐತ್ರಿ ಅಕ್ಕಾ. ಆದ್ರ ಇದು ಕಾಣೋ ಹೊತ್ತಿಗೆ ಜನ ಹೋಗಿಬಿಟ್ಟಿರ್ತಾರ."

ಹನ್ನೊಂದು ಸೆಕೆಂಡು ಏಳಾಯಿತು, ಏಳು ನಾಲ್ಕಾಯಿತು. ಪ್ರತಿ ಸಲ ಇಳಿದಾಗಲೂ ಬಾಲಾಜಿ ಎದ್ದು ಬಂದು ಸೌಮ್ಯಾಳ ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವಾದರೂ ಅವನು ವೇಣಿಯ ಕುರ್ಚಿಯ ಹಿಂದೆ ಹಾಗೆ ನಿಂತದ್ದುಂಟೆ? ವೇಣಿ ಮಾನಿಟರಿನ ಅಂಚಿನಿಂದ ನೋಡುತ್ತಿದ್ದಳು. ನೋಡಬಾರದು ಅಂದುಕೊಂಡಷ್ಟೂ ನೋಡುತ್ತಿದ್ದಳು.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತೇನೋ. ಹದಿನಾಲ್ಕನೆಯ ದಿನ ಸಿದ್ದರಾಮಪ್ಪನವರೇ ಆಫೀಸಿಗೆ ಬಂದರು. ಯಾವಾಗ ಬಂದರೂ ಬಾಗಿಲಲ್ಲೇ "ಎಲ್ಲಿ ನಮ್ಮ ವೇಣಮ್ಮ?" ಅಂತ ಕೂಗುವವರು. ಅವತ್ತೂ ಕೂಗಿದರು. ವೇಣಿ ಎದ್ದು ಹೋಗುವಷ್ಟರಲ್ಲಿ ಬಾಲಾಜಿ ಸೌಮ್ಯಾಳನ್ನು ಮುಂದಕ್ಕೆ ಕರೆದಿದ್ದ.

"ಯಾವೂರಮ್ಮ?"

"ದಾವಣಗೆರೆ ಸಾರ್."

"ಹೌದೇನು! ನಾವು ಹರಿಹರದವರು. ನಮ್ಮ ಕಡೆಯವಳೇ ಅನ್ನು!"

ಅಲ್ಲಿಂದ ಮುಂದೆ ಮಾತೆಲ್ಲ ಬೆಣ್ಣೆದೋಸೆ, ಮಂಡಕ್ಕಿ, ಯಾರ ಓಣಿ, ಯಾರ ಮನೆ. ವೇಣಿ ಟೀ ಲೋಟ ಹಿಡಿದು ನಿಂತಿದ್ದಳು. ಮೂವತ್ತೊಂದು ವರ್ಷ ಅಪ್ಪ, ಆರು ವರ್ಷ ತಾನು, ಇಬ್ಬರೂ ಸೇರಿ ಸಂಪಾದಿಸಿದ್ದನ್ನು ಈ ಹುಡುಗಿ ಊರಿನ ಹೆಸರೊಂದನ್ನು ಹೇಳಿ ಎತ್ತಿಕೊಂಡು ಹೋದಳಲ್ಲ ಅನ್ನಿಸಿ ಅವಳ ಕಣ್ಣು ಹನಿಗೂಡಿತು. ಹೋಗುವಾಗ ಸಿದ್ದರಾಮಪ್ಪನವರು ಸೌಮ್ಯಾಳ ನಂಬರು ಬರೆದುಕೊಂಡರು. ಇನ್ನು ಏನಾದರೂ ಬೇಕಿದ್ದರೆ ಅವರು ಮೊದಲು ಫೋನು ಮಾಡುವುದು ಯಾರಿಗೆ? ಪುಟದ ತಳದ ಸಾಲು ಎಷ್ಟು ದಿನ ಉಳಿದೀತು? ಹೊಸಬರು ಹೊಸ ಪುಟ ಮಾಡಿದ ಮೇಲೆ ಹಳೆಯ ಫಿಟ್ಟರನ ಮಗಳ ಹೆಸರು ಅಲ್ಲೇಕೆ? ಅದನ್ನು ಈಗಾಗಲೇ ತೆಗೆದಿರುತ್ತಾರೆ ಎಂದು ವೇಣಿ ತಾನೇ ತೀರ್ಮಾನಿಸಿಕೊಂಡಳು. ಕೇಳಲಿಕ್ಕೆ ಮಾತ್ರ ಬಾಯಿ ಬರಲಿಲ್ಲ.

ಹದಿನೇಳನೆಯ ದಿನ ಸಂಜೆ ಸೌಮ್ಯಾ ವೇಣಿಯ ಮೇಜಿನ ಹತ್ತಿರ ಬಂದಳು. ಮಾರನೆಯ ದಿನ ಪೀಣ್ಯದ ಕಾರ್ಖಾನೆಯಲ್ಲಿ ಎಲ್ಲ ಜಿಲ್ಲೆಯ ಮೆಕ್ಯಾನಿಕ್‌ಗಳ ಸಭೆ, ಹೊಸ ಮಾದರಿಯ ಪಂಪಿನ ಜೊತೆಗೆ ಹೊಸ ಪುಟವೂ ಹೊರಗೆ ಬರಬೇಕು.

"ಅಕ್ಕಾ, ಕನ್ನಡ ಅಕ್ಷರದ ಫೈಲು ಭಾರಿ ದೊಡ್ಡದಿತ್ರಿ. ನಿನ್ನೆ ಅದನ್ನ ಕಾಲು ಭಾಗಕ್ಕ ಇಳಿಸೀನಿ. ಕಂಪ್ಯೂಟರನ್ನೇ ಸ್ಲೋ ಫೋನಿನ ಥರ ಮಾಡಿ ನೋಡಿದೆ, ಎರಡು ಸೆಕೆಂಡು ಬಂತು. ಆದ್ರ ಈ ಸೈಟಿನ ಕನ್ನಡ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಲಿಂಕ್ ಕಳಿಸ್ತೀನಿ, ನಿಮ್ಮ ಫೋನಿನಾಗ ಒಂದು ಸಲ ಓದಿ ಹೇಳ್ರಿ. ನೀವು ಸರಿ ಅಂದ್ರೆ ಬಿಟ್ಟುಬಿಡ್ತೀನಿ."

"ನೋಡೋಣ" ಅಂದಳು ವೇಣಿ.

ಬಸ್ಸು ಹೆಬ್ಬಾಳದ ಫ್ಲೈಓವರಿನ ಮೇಲೆ ಕಾಲು ಗಂಟೆಯಿಂದ ನಿಂತಿತ್ತು. ವೇಣಿ ಲಿಂಕು ಒತ್ತಿದಳು. ನಿಧಾನವಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದು ಎಣಿಸಿ ಎರಡು ಅನ್ನುವಷ್ಟರಲ್ಲಿ ಪುಟ ಬಂದು ಕೂತಿತ್ತು. ಎಡಗಡೆ ಚುರ್ ಅಂದಿತು. ಸೊಸೆ ಮಾಡಿದ ಸಾರಿನಲ್ಲಿ ಕೂದಲು ಹುಡುಕುವ ಅತ್ತೆಯ ಹಾಗೆ ಅವಳು ಮೊದಲ ಸಾಲಿನಿಂದ ಓದತೊಡಗಿದಳು.

ಹೆಚ್ಚು ಹುಡುಕಬೇಕಾಗಲಿಲ್ಲ. ಮೊದಲ ಸಾಲಿನಲ್ಲೇ "ನಿಂಗಪ್‌ಪನವರು ಕಟ್‌ಟಿದ ಸಂಸ್‌ಥೆ" ಅಂತಿತ್ತು.

ವೇಣಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅದರ ಕೆಳಗೆ "ಸಿದ್‌ದರಾಮಪ್‌ಪ, ಮಾಲೀಕರು." ಒಂದೇ ಒಂದು ಒತ್ತಕ್ಷರವೂ ತನ್ನ ಜಾಗದಲ್ಲಿರಲಿಲ್ಲ. ಫೈಲು ಹಗುರ ಮಾಡುವ ಭರದಲ್ಲಿ, ಯಾವ ಒತ್ತು ಯಾವ ಅಕ್ಷರದ ಕೆಳಗೆ ಕೂರಬೇಕೆಂಬ ಕಟ್ಟುಪಾಡೂ ಹೊರಟುಹೋಗಿತ್ತು. ಸೌಮ್ಯಾಳ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂಬುದೂ ವೇಣಿಗೆ ಆ ಕ್ಷಣವೇ ಹೊಳೆಯಿತು. ಆಫೀಸಿನ ಒಂದೊಂದು ಕಂಪ್ಯೂಟರಿಗೂ ಆ ಅಕ್ಷರಗಳನ್ನು ತುಂಬಿಸಿಟ್ಟವಳು ವೇಣಿಯೇ. ಅಲ್ಲಿ ಪುಟ ತನ್ನ ಹೊಸ ಫೈಲನ್ನು ಮುಟ್ಟದೆ, ಯಂತ್ರದೊಳಗಿನ ಹಳೆಯ ಅಕ್ಷರಗಳನ್ನೇ ಎತ್ತಿಕೊಳ್ಳುತ್ತಿತ್ತು. ಆಫೀಸಿನಲ್ಲಿ ಸಾವಿರ ಸಲ ನೋಡಿದರೂ ನೆಟ್ಟಗೇ ಕಾಣುತ್ತದೆ. ಹೊರಗಿನ ಫೋನಿನಲ್ಲಿ ನೋಡಿದರೆ ಮಾತ್ರ ಬಣ್ಣ ಬಯಲು.

ವೇಣಿಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಿರುಗಿ ನೋಡುವಷ್ಟು ಜೋರಾಗಿ ಬಂತು. ಹದಿನೇಳು ದಿನದ ಮೇಲೆ ಹೊಟ್ಟೆ ತಣ್ಣಗಾಗಿತ್ತು. ಪುಟದ ತಳಕ್ಕೆ ಹೋಗಿ ನೋಡಲಿಲ್ಲ. ತನ್ನ ಸಾಲು ಇರುವುದಿಲ್ಲ ಅಂತ ಗೊತ್ತೇ ಇದ್ದಾಗ ಅದನ್ನು ನೋಡಿ ಯಾಕೆ ಸಂಕಟಪಡಬೇಕು? ಬಸ್ಸು ಮುಂದಕ್ಕೆ ಜರುಗಿದಾಗ ಅವಳು ಬರೆದಳು: "ನೋಡಿದೆ. ಸರಿ ಇದೆ."

ಮರುನಿಮಿಷವೇ ಉತ್ತರ ಬಂತು. "ಥ್ಯಾಂಕ್ಸ್ ಅಕ್ಕಾ. ಈಗ ಧೈರ್ಯ ಬಂತು."

ಮನೆಗೆ ಬಂದಾಗ ಚಿಕ್ಕಬೈರಪ್ಪ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಹೊಸ ಮಾದರಿ ಬಂದಾಗಲೆಲ್ಲ ಮೊದಲ ಪಂಪಿನ ಸ್ವಿಚ್ಚನ್ನು ಹಳೆಯ ಫಿಟ್ಟರೇ ಒತ್ತಬೇಕೆಂಬುದು ಆ ಕಾರ್ಖಾನೆಯ ಪದ್ಧತಿ.

"ನಾಳೆ ಒಸಾ ಪುಟ ಬರ್ತದಂತಲ್ಲವ್ವಾ, ಸಾವ್ಕಾರ್ರು ಫೋನ್ ಮಾಡಿದ್ರು" ಅಂದ. ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಕೇಳಿದ, "ನಮ್ ಸಾಲು ಅಂಗೇ ಐತಾ?"

"ಗೊತ್ತಿಲ್ಲಪ್ಪ" ಅಂದಳು ವೇಣಿ, ಅವನ ಮುಖ ನೋಡದೆ.

ಬೆಳಿಗ್ಗೆ ಎದ್ದ ಕೂಡಲೇ ಒಮ್ಮೆ ಫೋನು ಕೈಗೆತ್ತಿಕೊಂಡಳು ನಿಜ. "ಸೌಮ್ಯಾ, ಒತ್ತಕ್ಷರ" ಅನ್ನುವ ತನಕ ಬರೆದಳು ಕೂಡ. ಅಷ್ಟರಲ್ಲಿ ನಮ್ಮ ಕಡೆಯವಳೇ ಅಂದ ಸಿದ್ದರಾಮಪ್ಪನವರ ದನಿ ಕಿವಿಯಲ್ಲಿ ಗುಂಯ್ ಅಂದಿತು. ಬರೆದದ್ದನ್ನು ಅಳಿಸಿ ತಲೆ ಬಾಚಲು ಹೋದಳು.

ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ. ನೂರಿಪ್ಪತ್ತು ಮೆಕ್ಯಾನಿಕ್‌ಗಳು ಉಪ್ಪಿಟ್ಟು ಕೇಸರಿಬಾತು ಮುಗಿಸಿ ಕೂತಿದ್ದರು. ಚಿಕ್ಕಬೈರಪ್ಪ ಕೈಮುಗಿದು ಸ್ವಿಚ್ಚು ಒತ್ತಿದ. ಪಂಪು ತೊಟ್ಟಿಯಿಂದ ನೀರೆತ್ತಿ ಸುರಿಯಿತು. ಚಪ್ಪಾಳೆ. ಆಮೇಲೆ ಸೌಮ್ಯಾ ತನ್ನ ಲ್ಯಾಪ್‌ಟಾಪಿನಿಂದ ಪುಟವನ್ನು ಪರದೆಯ ಮೇಲೆ ತೋರಿಸಿದಳು. ಆಫೀಸಿನ ಲ್ಯಾಪ್‌ಟಾಪು. ಅಕ್ಷರಗಳು ಮುತ್ತಿನ ಹಾಗೆ ಕೂತಿದ್ದವು. ವೇಣಿ ಕೊನೆಯ ಸಾಲಿನ ಕುರ್ಚಿಯಲ್ಲಿ ಕೈಕಟ್ಟಿ ಕಾದಳು.

"ಪರದೆ ಬಿಡ್ರಪ್ಪ, ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೀರಿ. ನಿಮ್ಮ ಹೆಸರೂ ಅದರಲ್ಲಿದೆ, ಹುಡುಕಿ" ಅಂದರು ಸಿದ್ದರಾಮಪ್ಪನವರು.

ತೆಗೆದರು. "ಎಲಾ ಇವನ, ಬಂದೇಬಿಡ್ತು!" ಅಂತ ಯಾರೋ ಕೂಗಿದರು. ಇನ್ನೊಂದು ಸುತ್ತು ಚಪ್ಪಾಳೆ ಎದ್ದಿತು. ಬಾಲಾಜಿ ಸೌಮ್ಯಾಳ ಕಡೆ ಹೆಬ್ಬೆರಳೆತ್ತಿದ. ಆ ಚಪ್ಪಾಳೆ ಮುಗಿಯುವ ಮೊದಲೇ ಮೂರನೆಯ ಸಾಲಿನಲ್ಲಿ ಅತ್ತಿಬೆಲೆಯ ಚಿಕ್ಕಮುನಿಯಪ್ಪ ಎದ್ದು ನಿಂತ.

"ಸಾರ್, ಯಾರ್ ಸಾರ್ ಇದು, ಚಿಕ್, ಕಮುನಿಯಪ್, ಪ? ನನ್ನನ್ನ ಮೂರ್ ತುಂಡ್ ಮಾಡವ್ರಲ್ಲ!"

ನಗೆ ಹತ್ತಿಕೊಂಡಿತು. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರು ಹುಡುಕಿ ಮುರಿದಲ್ಲಿ ಮುರಿದು ಜೋರಾಗಿ ಓದತೊಡಗಿದರು. ಯಮನೂರ ತನ್ನ ಫೋನು ಎತ್ತಿ ಹಿಡಿದು, "ನಂದು ನೋಡ್ರಿಪಾ, ನೆಟ್ಟಗೈತಿ! ನಮ್ಮವ್ವ ಒತ್ತಿಲ್ಲದ ಹೆಸರಿಟ್ಟು ಪುಣ್ಯ ಕಟ್ಗೊಂಡ್ಲು!" ಅಂದ. ಶಾಮಿಯಾನವೇ ಹಾರಿಹೋಗುವಂತೆ ನಕ್ಕರು. ಸಿದ್ದರಾಮಪ್ಪನವರು ಮಾತ್ರ ನಗಲಿಲ್ಲ. ತೀರಿಹೋದ ತಂದೆಯ ಹೆಸರು ಅವರ ಅಂಗೈಯಲ್ಲಿ ನಿಂಗಪ್, ಪ ಅಂತ ಬಿದ್ದಿತ್ತು. ಸೌಮ್ಯಾಳ ಮುಖ ಸುಣ್ಣದಂತಾಗಿತ್ತು.

ವೇಣಿಗೆ ಆದದ್ದು ಸಂತೋಷ. ಸುಳ್ಳೇಕೆ ಹೇಳಬೇಕು, ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಬಸ್ಸಿನಲ್ಲಿ ಎಣಿಸಿದ ಹಾಗೇ ಎಲ್ಲ ನಡೆಯುತ್ತಿತ್ತು.

ಅಷ್ಟರಲ್ಲಿ ಚಿಕ್ಕಬೈರಪ್ಪ ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಅವಳ ಹತ್ತಿರ ಬಂದ. ಕೈಯಲ್ಲಿ ಫೋನಿತ್ತು. ಪುಟದ ತಳಕ್ಕೆ ಹೋಗಿ ನಿಂತಿದ್ದ.

"ಏನವ್ವಾ ವೇಣಿ, ನಮ್ ಸಾಲು ಐತೆ" ಅಂದ. "ನಿನ್ನೆಸ್ರು ಗಟ್ಟಿಯಾಗೈತೆ. ನನ್ನೆಸ್ರು ಯಾಕವ್ವಾ ಇಂಗೆ ಮುರ್ದು ಬಿದ್ದದೆ?"

ವೇಣಿ ಫೋನು ಇಸಿದುಕೊಂಡು ನೋಡಿದಳು. ಸಾಲು ಇತ್ತು. ಇದ್ದ ಜಾಗದಲ್ಲೇ ಇತ್ತು. ಯಾರೂ ತೆಗೆದಿರಲಿಲ್ಲ. "ಮಾಡಿದವರು ಚಿಕ್‌ಕಬೈರಪ್‌ಪನವರ ಮಗಳು ವೇಣಿ." ತನ್ನ ಹೆಸರಿಗೆ ಒತ್ತೇ ಇಲ್ಲ, ಏನೂ ಆಗಿರಲಿಲ್ಲ.

"ಕನ್ನಡ ಯಾರಮ್ಮ ನೋಡಿದ್ದು?" ಸಿದ್ದರಾಮಪ್ಪನವರ ದನಿ ಏರಿತ್ತು.

ವೇಣಿ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಸೌಮ್ಯಾ ಹೇಳಿಬಿಟ್ಟಿದ್ದಳು. "ನಂದೇ ತಪ್ಪು ಸಾರ್. ಫೋನಿನಾಗ ನಾನೇ ನೋಡಬೇಕಿತ್ತು." ವೇಣಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಎರಡು ಸೆಕೆಂಡೂ ಹಿಡಿದಿರಲಿಕ್ಕಿಲ್ಲ. ಇದರಲ್ಲೂ ಇವಳೇ ಮುಂದೆ, ಅಂದುಕೊಂಡಳು ವೇಣಿ. ಆ ಹೊತ್ತಿನಲ್ಲೂ ಅವಳಿಗೆ ಹಾಗೇ ಅನ್ನಿಸಿತು.

"ಅದಕ್ಕೇ ಹಳಬರಿಗೆ ತೋರಿಸಬೇಕು ಅನ್ನೋದು" ಅಂದರು ಸಿದ್ದರಾಮಪ್ಪನವರು. "ವೇಣಮ್ಮಾ, ಕೇಳಿಸ್ಕೊ. ಇನ್ಮೇಲೆ ನೀನು ಹೂಂ ಅನ್ನದೆ ನಮ್ಮ ಕಾರ್ಖಾನೆಯದು ಏನೂ ಹೊರಗೆ ಹೋಗಬಾರದು. ಬಾಲಾಜಿ, ಗೊತ್ತಾಯ್ತೇನಪ್ಪ?"

ಬಾಲಾಜಿ ತಲೆಯಾಡಿಸಿದ. ನೂರಿಪ್ಪತ್ತು ಜನ ತಿರುಗಿ ವೇಣಿಯನ್ನು ನೋಡಿದರು. ಹದಿನೇಳು ದಿನ ಅವಳು ಬೇಡಿಕೊಂಡದ್ದೆಲ್ಲ ಒಟ್ಟಿಗೆ ಬಂದು ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದರೆ ಸಾಕಿತ್ತು.

ಚಿಕ್ಕಬೈರಪ್ಪ ಪಕ್ಕದಲ್ಲಿ ಕೂತಿದ್ದವನ ಭುಜ ತಟ್ಟಿದ. ಅವನ ಮುಖ ಅರಳಿತ್ತು. "ನನ್ ಮಗಳು ಒಂದ್ ಕಿತ ನೋಡಿದ್ದಿದ್ರೆ ಇಂಗಾಯ್ತಿರ್ಲಿಲ್ಲ ಕಣಯ್ಯ" ಅಂದ.

"ನಾನು ನೋಡಿದ್ದೆ" ಅಂದಳು ವೇಣಿ.

ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ನಿಂತಳು. "ನಾನು ನೋಡಿದ್ದೆ ಸಾರ್. ನೆನ್ನೆ ಸಾಯಂಕಾಲನೇ ನೋಡಿದ್ದೆ. ಒಡೆದಿದೆ ಅಂತ ಗೊತ್ತಿತ್ತು. ಗೊತ್ತಿದ್ದೂ ಸರಿ ಇದೆ ಅಂದೆ."

"ಯಾಕಮ್ಮ?"

"ಹೊಟ್ಟೆಕಿಚ್ಚು ಸಾರ್."

ಯಮನೂರನ ನಗು ಕೂಡ ನಿಂತಿತು. ಚಿಕ್ಕಬೈರಪ್ಪ ಮಗಳ ಕೈಯಿಂದ ಫೋನು ವಾಪಸು ತೆಗೆದುಕೊಂಡು, ಇಸ್ತ್ರಿ ಮಾಡಿದ ಶರ್ಟಿನ ಜೇಬಿಗೆ ಇಟ್ಟುಕೊಂಡು, ಅಲ್ಲೇ ಖಾಲಿ ಕುರ್ಚಿಯಲ್ಲಿ ಕೂತ. ಅವನು ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮಪ್ಪ ಒಂದು ನಟ್ ಸಡಿಲ ಇದ್ದರೂ ಪಂಪನ್ನ ಲಾರಿ ಹತ್ತಿಸ್ತಿರಲಿಲ್ಲ" ಅಂದರು ಸಿದ್ದರಾಮಪ್ಪನವರು. ಆಮೇಲೆ ತಮ್ಮ ಫೋನು ಜೇಬಿಗಿಟ್ಟು, "ಹೋಗಿ, ಇಬ್ಬರೂ ಕೂತು ಸರಿ ಮಾಡಿ" ಅಂದರು. ಅವರ ಬಾಯಲ್ಲಿ ಈ ಸಲ ವೇಣಮ್ಮ ಬರಲಿಲ್ಲ.

ಸ್ಟೋರ್ಸ್ ರೂಮಿನಲ್ಲಿ ಪೈಪುಗಳ ನಡುವೆ ಒಂದು ಮೇಜು ಸಿಕ್ಕಿತು. ಕೆಲಸ ಹತ್ತು ನಿಮಿಷದ್ದು. ಅಕ್ಷರಗಳ ಮೂಲ ಫೈಲು ತೆಗೆದು, ಒತ್ತುಗಳ ಕಟ್ಟುಪಾಡನ್ನು ಮುಟ್ಟದೆ ಉಳಿದದ್ದನ್ನು ಮಾತ್ರ ಹಗುರ ಮಾಡಬೇಕು. ಎಲ್ಲಿ ಯಾವುದು ಎಂದು ವೇಣಿ ಹೇಳಿದಳು, ಸೌಮ್ಯಾ ಮಾಡಿದಳು. ಕೊನೆಗೆ ಸೌಮ್ಯಾ ಪರದೆಯ ಮೇಲಿನ ಕಣ್ಣು ತೆಗೆಯದೆ ಹೇಳಿದಳು.

"ಕೆಳಗಿನ ಸಾಲು ತೆಗೀರಿ ಅಂತ ಬಾಲಾಜಿ ಸರ್ ಹೇಳಿದ್ರು. ನಾನೇ ಬ್ಯಾಡ ಅಂದೆ."

ವೇಣಿ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಆ ಸಾಲಿನ ಕೊನೆಗೆ ಹೋಗಿ, "ಮತ್ತು ಸೌಮ್ಯಾ" ಎಂದು ಸೇರಿಸಿದಳು. ಸೌಮ್ಯಾ ನೋಡಿದಳು. ಗುಂಡಿ ಒತ್ತಿ ಹೊರಗೆ ಬಿಟ್ಟಳು.

ಹೊರಗೆ ಚಿಕ್ಕಬೈರಪ್ಪ ಅದೇ ಕುರ್ಚಿಯಲ್ಲಿ ಕೂತಿದ್ದ. ವೇಣಿ ಅವನ ಪಕ್ಕದಲ್ಲಿ ಕೂತು, "ಅಪ್ಪಾ, ಇನ್ನೊಂದ್ಸಲ ತೆಗೆದು ನೋಡು" ಅಂದಳು. ಅವನು ತುಸು ತಡೆದು ಜೇಬಿನಿಂದ ಫೋನು ತೆಗೆದ. ಒಂದು, ಎರಡು. ಪುಟ ಬಂತು. ಬೆರಳಿನಿಂದ ಕೆಳಕ್ಕೆ ತಳ್ಳಿ ಕೂಡಿಸಿ ಕೂಡಿಸಿ ಓದಿದ. ಕಕಾರದ ಕೆಳಗೆ ಕಕಾರ, ಪಕಾರದ ಕೆಳಗೆ ಪಕಾರ. ಅವನ ಹೆಸರು ಇಡಿಯಾಗಿತ್ತು. ಕೊನೆಯ ಪದಕ್ಕೆ ಬಂದು ನಿಂತ.

"ಸೌಮ್ಯಾ" ಅಂತ ಓದಿ ತಲೆಯೆತ್ತಿದ. "ನೀನು ಚಿಕ್ಕಬೈರಪ್ಪನ ಮಗಳು. ಈ ಸೌಮ್ಯಾ ಯಾರ ಮಗಳು?"

ವೇಣಿಗೆ ಗೊತ್ತಿರಲಿಲ್ಲ. ಹದಿನೆಂಟು ದಿನ ಪಕ್ಕದ ಮೇಜಿನಲ್ಲಿ ಕೂತಿದ್ದಳು, ಒಂದು ದಿನವೂ ಕೇಳಿರಲಿಲ್ಲ.

"ಓಗು, ಕೇಳ್ಕೊಂಡ್ ಬಂದು ಅದ್ನೂ ಆಕು" ಅಂದ ಚಿಕ್ಕಬೈರಪ್ಪ. ಮತ್ತೆ ಫೋನಿನ ಕಡೆ ಬಗ್ಗಿ, ಪುಟ ಮುಚ್ಚಿ, ಇನ್ನೊಮ್ಮೆ ತೆಗೆದ. "ಏನೇ ಅನ್ನು, ಎಷ್ಟ್ ಬೇಗ ಬತ್ತದೆ ನೋಡವ್ವಾ."

ವೇಣಿಗೆ ಎಡಗಡೆ, ಅದೇ ಜಾಗದಲ್ಲಿ, ಚುರ್ ಅಂದಿತು. ಅದನ್ನು ಹಿಡಿದುಕೊಂಡೇ ಎದ್ದು ಸ್ಟೋರ್ಸ್ ರೂಮಿನ ಕಡೆ ನಡೆದಳು.